ಅಮ್ಮನ ಹುಟ್ಟುಹಬ್ಬದ ಊಟಕ್ಕೆ ಹುಬ್ಬಳ್ಳಿಯಲ್ಲಿ ಜಾಗ ಆರಿಸಿದ್ದು

ಪ್ರವಾಸದ ಮಧ್ಯೆ ಮನೆಯವರ ಹುಟ್ಟುಹಬ್ಬ ಬಂದರೆ, ನಾನು ಮೊದಲು ಹೋಟೆಲ್ ಹುಡುಕುವುದಿಲ್ಲ. ಹುಟ್ಟುಹಬ್ಬ ಯಾರದ್ದೋ ಅವರು ಆ ದಿನ ಸಂಜೆ ಏಳು ಗಂಟೆಗೆ ಹೇಗಿರುತ್ತಾರೆ ಅಂತ ಯೋಚಿಸುತ್ತೇನೆ. ಎಷ್ಟು ದಣಿದಿರುತ್ತಾರೆ? ಎಷ್ಟು ಹೊತ್ತಿಗೆ ಹಸಿವಾಗುತ್ತದೆ? ಏನು ಅಗಿಯಲು ಆಗುತ್ತದೆ? ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಈ ಸಲ ಹುಟ್ಟುಹಬ್ಬ ಅಮ್ಮನದು. ನಾವು ಮೈಸೂರು ಕಡೆಯವರು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ, ಖಾರ ಅಂದರೆ ಸ್ವಲ್ಪ ಭಯ. ಆದರೆ ಬಿಸಿ ಜೋಳದ ರೊಟ್ಟಿ ತಿನ್ನಬೇಕು ಅಂತ ಹೊರಡುವ ಮೊದಲೇ ಹೇಳಿದ್ದರು. ಹುಟ್ಟುಹಬ್ಬದ ದಿನ ನಮ್ಮದು ಲಕ್ಕುಂಡಿ ನೋಡುವ ಯೋಜನೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ, ಮೆಟ್ಟಿಲುಗಳ ಮುಸುಕಿನ ಬಾವಿ. ಅಲ್ಲಿಂದ ಗದಗ ದಾಟಿ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರ್. ಇಷ್ಟೆಲ್ಲ ಆದ ಮೇಲೆ ಅಮ್ಮನಿಗೆ ಮತ್ತೆ ಮೆಟ್ಟಿಲು ಹತ್ತಿಸುವುದು ಸಾಧ್ಯವೇ ಇರಲಿಲ್ಲ.

ಹಾಗಾಗಿ ಮಹಡಿ ಮೇಲಿನ ಹೋಟೆಲ್‌ಗಳು ಮೊದಲೇ ಪಟ್ಟಿಯಿಂದ ಹೋದವು. ಧಾರವಾಡವೂ ಹೋಯಿತು. ಅಲ್ಲಿನ ಬಸಪ್ಪ ಖಾನಾವಳಿಯ ಹೆಸರನ್ನು ತಮ್ಮ ಬಿಡದೆ ಹೇಳುತ್ತಿದ್ದ. ಆದರೆ ನಾವು ಉಳಿದುಕೊಂಡಿದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅಷ್ಟು ದೂರ ಕಾರಿನಲ್ಲಿ ಕೂತು ಬಂದವರನ್ನು ಮತ್ತೆ ಧಾರವಾಡಕ್ಕೆ ಕರೆದುಕೊಂಡು ಹೋಗಿ ಬರುವುದು ಬೇಡ ಅನಿಸಿತು. ಧಾರವಾಡವನ್ನು ಹಿಂದಿನ ದಿನವೇ ಮುಗಿಸಿದೆವು. ಚಿಗರಿ ಬಸ್ಸಿನಲ್ಲಿ ಹೋದೆವು, ಎಸಿ ಇದೆ, ಅದಕ್ಕೇ ಬೇರೆ ರಸ್ತೆ ಇದೆ, ವಯಸ್ಸಾದವರಿಗೆ ಆರಾಮ. ಲೈನ್ ಬಜಾರಿನಲ್ಲಿ ಪೇಡಾ ತೆಗೆದುಕೊಂಡೆವು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಇಲ್ಲಿ ಶುರು ಮಾಡಿದ ಸಿಹಿ ಅದು. ಹುಟ್ಟುಹಬ್ಬದ ಸಿಹಿ ಹೀಗೆ ಒಂದು ದಿನ ಮೊದಲೇ ಕೈಗೆ ಬಂತು.

ಇನ್ನು ಎಂಥ ಜಾಗ ಅನ್ನುವ ಪ್ರಶ್ನೆ. ತಮ್ಮನ ಹೆಂಡತಿಗೆ ದೀಪದ ಅಲಂಕಾರ ಇರುವ ಗಾರ್ಡನ್ ರೆಸ್ಟೋರೆಂಟ್ ಇಷ್ಟ. ಮಕ್ಕಳಿಗೂ ಅದೇ. ಅಂಥ ಕಡೆ ಊಟ ಬರುವುದು ತಡ. ಹಿಂದೊಮ್ಮೆ ಬೇರೆ ಊರಲ್ಲಿ ಅಂಥ ಕಡೆ ಕೂತು, ಊಟ ಬರುವ ಹೊತ್ತಿಗೆ ಅಮ್ಮ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಅವರು ಮನೆಯಲ್ಲಿ ಏಳೂವರೆಗೆ ಊಟ ಮಾಡುವವರು. ಖಾನಾವಳಿಯಲ್ಲಿ ಆ ತೊಂದರೆ ಇಲ್ಲ. ಕೂತ ಕೂಡಲೇ ತಟ್ಟೆ ಬರುತ್ತದೆ, ರೊಟ್ಟಿ ಹಿಂದೆಯೇ ಬರುತ್ತದೆ. ಅದಕ್ಕೇ ಖಾನಾವಳಿ ಅಂತ ತೀರ್ಮಾನ ಮಾಡಿದೆ.

ಮ್ಯಾಪ್‌ನಲ್ಲಿ ನಾನು ನಕ್ಷತ್ರ ಎಣಿಸುವುದಿಲ್ಲ. ಇತ್ತೀಚೆಗೆ ಜನ ಹಾಕಿದ ಫೋಟೋ ನೋಡುತ್ತೇನೆ, ಅದರಲ್ಲೂ ರಾತ್ರಿ ತೆಗೆದವು. ಮಧ್ಯಾಹ್ನ ತುಂಬಿ ತುಳುಕುವ ಖಾನಾವಳಿ ರಾತ್ರಿ ಬೇಗ ಮುಚ್ಚಬಹುದು, ಅಥವಾ ಮಧ್ಯಾಹ್ನದ ರೊಟ್ಟಿಯನ್ನೇ ಬಡಿಸಬಹುದು. ಫೋಟೋದಲ್ಲಿ ತಟ್ಟೆಯ ಜೊತೆಗೆ ಕುರ್ಚಿ, ಬಾಗಿಲ ಮೆಟ್ಟಿಲು, ಕೈ ತೊಳೆಯುವ ಜಾಗವನ್ನೂ ಗಮನಿಸುತ್ತೇನೆ. ಕನ್ನಡದಲ್ಲಿ ಬರೆದ ಅಭಿಪ್ರಾಯಗಳನ್ನು ಪೂರ್ತಿ ಓದುತ್ತೇನೆ. ಎಣ್ಣೆಗಾಯಿ ಹೇಗಿತ್ತು, ಝುಣಕ ಗಟ್ಟಿ ಇತ್ತಾ ಅಂತ ಅವುಗಳಲ್ಲೇ ಗೊತ್ತಾಗುವುದು.

ಎರಡು ಹೆಸರು ಉಳಿದವು. ಬೆಳಿಗ್ಗೆ ಲಕ್ಕುಂಡಿಗೆ ಹೊರಡುವ ಮೊದಲು ಎರಡಕ್ಕೂ ಫೋನ್ ಮಾಡಿದೆ. ಇವತ್ತು ವಾರದ ರಜೆ ಇಲ್ಲ ತಾನೆ, ರಾತ್ರಿ ರೊಟ್ಟಿ ಆಗ ಬಡಿದದ್ದೇ ಸಿಗುತ್ತದಾ, ಕೂರುವ ಜಾಗ ನೆಲಮಹಡಿಯಲ್ಲೇ ಇದೆಯಾ, ಕಮೋಡ್ ಇರುವ ಶೌಚಾಲಯ ಇದೆಯಾ. ಕೊನೆಯದನ್ನು ಕೇಳಲು ಎಷ್ಟೋ ಜನ ಸಂಕೋಚ ಪಡುತ್ತಾರೆ. ಮಂಡಿ ನೋವಿರುವವರ ಜೊತೆ ಹೋಗುವಾಗ ಅದೇ ಮುಖ್ಯ, ಅಲ್ವಾ? ಒಂದು ಕಡೆ "ಬರ್ರಿ, ನೋಡೋಣ" ಅಂದು ಇಟ್ಟುಬಿಟ್ಟರು. ಇನ್ನೊಂದು ಕಡೆಯ ಹೆಂಗಸು ನಿಧಾನವಾಗಿ ಎಲ್ಲದಕ್ಕೂ ಉತ್ತರ ಕೊಟ್ಟರು. ಅಮ್ಮನ ಹುಟ್ಟುಹಬ್ಬ ಅಂದಾಗ ಅವರೇ ಕೇಳಿದರು: "ಗೋಧಿ ಹುಗ್ಗಿ ಮಾಡ್ಸೋಣೇನ್ರಿ? ಈಗ ಹೇಳಿದ್ರ ಆಕ್ಕೇತಿ, ಸಂಜಿಗೆ ಹೇಳಿದ್ರ ಆಗೂದಿಲ್ರಿ." ಕುಟ್ಟಿದ ಗೋಧಿ ನೆನೆಯಬೇಕು, ಬೇಯಬೇಕು, ಆಮೇಲೆ ಬೆಲ್ಲ. ಅವಸರದಲ್ಲಿ ಆಗುವ ಸಿಹಿಯಲ್ಲ ಅದು. ನಾನು ಅಲ್ಲೇ ಒಪ್ಪಿಕೊಂಡೆ. ಎಷ್ಟು ಮಂದಿ, ಎಷ್ಟು ಗಂಟೆಗೆ ಅಂತ ಹೇಳಿ, ಹುಗ್ಗಿಯ ಹಣವನ್ನು ಮೊದಲೇ ಕಳಿಸಿದೆ. ಊಟದ ಜಾಗ ಪಕ್ಕಾ ಆಯಿತು.

ಮಕ್ಕಳಿಗೆ ಕೇಕ್ ಬೇಕೇ ಬೇಕಿತ್ತು. ಮೊಟ್ಟೆ ಇಲ್ಲದ ಸಣ್ಣ ಕೇಕ್ ತಂದು ರೂಮಿನಲ್ಲೇ ಕತ್ತರಿಸಿದೆವು. ಖಾನಾವಳಿಯಲ್ಲಿ ಜನ ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಅಲ್ಲಿ ಮೇಜು ಹಿಡಿದುಕೊಂಡು ಮೇಣದಬತ್ತಿ, ಫೋಟೋ ಅಂತ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಏಳೂವರೆಗೆ ಸರಿಯಾಗಿ ಕೂತೆವು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಎಣ್ಣೆಗಾಯಿಯ ಕೆಂಪು ನೋಡಿ ಅಮ್ಮ ಕೈ ಹಿಂದೆ ತೆಗೆದರು. ಬಡಿಸುವವರು ನಕ್ಕು, "ಬ್ಯಾಡಗಿ ಮೆಣಸಿನಕಾಯಿ ಐತ್ರಿ, ಬಣ್ಣ ಅಷ್ಟ" ಅಂದರು. ನಿಜ, ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಬಣ್ಣದಿಂದ, ಖಾರ ಕಡಿಮೆ. ಹುಷಾರಾಗಿರಬೇಕಾದದ್ದು ಹಸಿಮೆಣಸಿನಕಾಯಿ ಚಟ್ನಿಯ ಹತ್ತಿರ. ಅದನ್ನು ಅಮ್ಮನ ತಟ್ಟೆಗೆ ಹಾಕಬೇಡಿ ಅಂತ ನಾನು ಫೋನಿನಲ್ಲೇ ಹೇಳಿದ್ದೆ, ಅವರು ನೆನಪಿಟ್ಟುಕೊಂಡಿದ್ದರು. ಅಮ್ಮ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು. ಖಟಕ್ ರೊಟ್ಟಿ ಅವರ ಹಲ್ಲಿಗೆ ಆಗುವುದಿಲ್ಲ, ಅದು ಮಕ್ಕಳ ಪಾಲಾಯಿತು.

ಹುಗ್ಗಿ ಬಂದಾಗ ಅದರ ಮೇಲೆ ತುಪ್ಪ ಸುರಿದವರು ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ ಆ ಹೆಂಗಸೇ. ಅಮ್ಮ ಅವರನ್ನು ನಿಲ್ಲಿಸಿಕೊಂಡು ಗೋಧಿಗೆ ಎಷ್ಟು ಬೆಲ್ಲ ಅಂತ ಕೇಳತೊಡಗಿದರು. ನಾನು ಹೋಗಿ ಬಿಲ್ ಕೊಟ್ಟು, ಮರುದಿನದ ರೈಲಿಗೆ ಖಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಸಿಕೊಂಡೆ. ಅವೆರಡೂ ಕೆಡುವುದಿಲ್ಲ. ಎಣ್ಣೆಗಾಯಿ ಮಾತ್ರ ಬೇಡ ಅಂದೆ, ಮೈಸೂರು ಮುಟ್ಟುವ ತನಕ ಅದು ತಡೆಯುವುದಿಲ್ಲ.