ಗೋಣಿಕೊಪ್ಪದಲ್ಲಿ ಇದ್ದುಕೊಂಡು ಬೆಂಗಳೂರಿನ ಜುಜಿತ್ಸು ಕ್ಲಬ್ ಆರಿಸಿದ್ದು: ನನ್ನ ಅನುಭವ

ಕೊಡಗಿನ ಗೋಣಿಕೊಪ್ಪದಿಂದ ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಜುಜಿತ್ಸು (ಹಿಡಿತ, ಲಾಕ್‌ಗಳಿಂದ ಎದುರಾಳಿಯನ್ನು ಸೋಲಿಸುವ ಜಪಾನಿ ಮೂಲದ ಸಮರಕಲೆ) ಕಲಿಯಲು ಆಗುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ದಿನಾ ಮ್ಯಾಟ್ ಮೇಲಿರುವ ಸ್ನೇಹಿತರಂತೂ ಖಂಡಿತ ಆಗಲ್ಲ ಎಂದೇ ಹೇಳಿದರು. ಹೋದ ವರ್ಷ ನನಗೆ ಬ್ಲೂ ಬೆಲ್ಟ್, ಅಂದರೆ ಹೊಸಬರ ವೈಟ್ ಬೆಲ್ಟ್ ಆದ ಮೇಲಿನ ಹಂತ, ಬಂತು. ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ವಾರಕ್ಕೆ ಮೂರು ದಿನ ಹೋಗುವವರಿಗೂ ಹೆಚ್ಚುಕಡಿಮೆ ಎರಡು ವರ್ಷ ಬೇಕಲ್ವಾ? ಆ ಲೆಕ್ಕದಲ್ಲಿ ನನ್ನದು ಒಳ್ಳೆಯ ಸಾಧನೆ ಎಂದೇ ಹೇಳುತ್ತೇನೆ. ಇದರಲ್ಲಿ ಅರ್ಧ ಪಾಲು ಕ್ಲಬ್ ಆರಿಸಿದ ರೀತಿಯದು.

ನನ್ನ ತೂಕ ಐವತ್ತೈದು ಕೆಜಿ ಆಸುಪಾಸು. ತೋಟದ ಕೆಲಸದ ಜೊತೆ ಕಾಫಿ ಪುಡಿ ಮಾಡಿಸಿ ಬೆಂಗಳೂರಿನ ಕೆಲವು ಅಂಗಡಿಗಳಿಗೆ ಕೊಡುತ್ತೇನೆ. ಹೇಗೂ ಹೋಗಬೇಕು, ಎರಡು ದಿನ ಇರಬೇಕು. ಬಸ್ ಖರ್ಚು ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ.

ಮೊದಲು ಸೇರಿದ ಕ್ಲಬ್‌ನಲ್ಲಿ ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ಮೂವತ್ತೈದು ಸಾವಿರದಷ್ಟು ಕಟ್ಟಿದೆ. ಆಗಿನ ರೇಟಿನಲ್ಲಿ ಅದು ಹತ್ತು ಚೀಲ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ, ದುಡ್ಡು. ಎರಡು ತಿಂಗಳಾಗುವಷ್ಟರಲ್ಲಿ ಕೋಚ್ ಬಿಟ್ಟು ಹೋದರು. ಜುಜಿತ್ಸು ಕ್ಲಾಸಿನ ಹೊತ್ತಿಗೆ ಫಿಟ್‌ನೆಸ್ ಕ್ಲಾಸ್ ಶುರುವಾಯಿತು. ಹಣ ವಾಪಸ್ ಕೇಳಿದರೆ 'ಪಾಲಿಸಿ ಇಲ್ಲ ಮೇಡಂ' ಎಂಬ ಉತ್ತರ. ಎಷ್ಟು ಸಲ ಫೋನ್ ಮಾಡಿದರೂ ಒಂದು ರೂಪಾಯಿ ಬರಲಿಲ್ಲ. ಆಮೇಲೆ ಯಾವ ಕ್ಲಬ್‌ಗೂ ವರ್ಷದ ಹಣ ಒಟ್ಟಿಗೆ ಕೊಟ್ಟಿಲ್ಲ.

ಎರಡನೆಯದು ಸಾಂಪ್ರದಾಯಿಕ ಜಪಾನಿ ಶೈಲಿ. ಒಳ್ಳೆಯ ಜನ, ಶಿಸ್ತು ಚೆನ್ನಾಗಿತ್ತು. ಆದರೆ ಕಟಾ (ಮೊದಲೇ ಗೊತ್ತುಮಾಡಿದ ಚಲನೆಗಳ ಅಭ್ಯಾಸ) ಮತ್ತು ಮಣಿಕಟ್ಟಿನ ಲಾಕ್ ಬಿಟ್ಟರೆ ರೋಲಿಂಗ್, ಅಂದರೆ ಇಬ್ಬರು ನಿಜವಾಗಿಯೇ ಸೆಣಸುವ ಅಭ್ಯಾಸ, ಇಲ್ಲವೇ ಇಲ್ಲ. ಎದುರಿಗಿದ್ದವರು ವಿರೋಧ ಮಾಡದಿದ್ದರೆ ನನ್ನ ತೂಕದವರಿಗೆ ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಗೊತ್ತಾಗುವುದು ಹೇಗೆ? ಬೋರ್ಡಿನ ಮೇಲೆ ಜುಜಿತ್ಸು ಎಂದಿದ್ದರೂ ಒಳಗೆ ಜಪಾನಿ ಶೈಲಿ ಇರಬಹುದು, ಬ್ರೆಜಿಲಿಯನ್ ಇರಬಹುದು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಆಡಿಸಿದರಲ್ಲ, ಆ ಸ್ಪರ್ಧೆಗೆ ತಯಾರು ಮಾಡುವವರೂ ಇರಬಹುದು. ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಒಂದು ಸಂಜೆ ಉಳಿಯುತ್ತದೆ.

ಇದಾದ ಮೇಲೆ ಒಂದು ಮಳೆಗಾಲ ಪೂರ್ತಿ ಸುಮ್ನೆ ಕ್ಲಬ್ ನೋಡುವುದಕ್ಕೇ ಇಟ್ಟೆ. ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್, ಜಯನಗರ ಎಲ್ಲ ಸುತ್ತಿದೆ. ಕೆಲವು ಕಡೆ ಟ್ರಯಲ್ ಕ್ಲಾಸ್ ಉಚಿತ, ಕೆಲವು ಕಡೆ ಐನೂರರಿಂದ ಸಾವಿರ. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ನಾನು ಟೆಕ್ನಿಕ್ ಹೇಳಿಕೊಡುವುದನ್ನು ನೋಡುವುದೇ ಇಲ್ಲ. ಆರ್ಮ್‌ಬಾರ್ (ಮೊಣಕೈಗೆ ಹಾಕುವ ಲಾಕ್) ಎಲ್ಲರೂ ಒಂದೇ ತರ ತೋರಿಸುತ್ತಾರೆ. ಕೊನೆಯ ಅರ್ಧ ಗಂಟೆಯ ರೋಲಿಂಗ್ ನೋಡುತ್ತೇನೆ. ಅಲ್ಲಿ ಎಲ್ಲರಿಗಿಂತ ಸಣ್ಣ ವ್ಯಕ್ತಿ ಯಾರು, ಅವರಿಗೆ ಜೋಡಿ ಯಾರು ಸಿಗುತ್ತಾರೆ? ತೊಂಬತ್ತು ಕೆಜಿಯ ವೈಟ್ ಬೆಲ್ಟ್ ಹುಡುಗ ಬಲ ಹಾಕಿ ಅಮುಕುವಾಗ ಕೋಚ್ ನೋಡುತ್ತಿದ್ದಾರಾ, ಫೋನ್ ಒತ್ತುತ್ತಿದ್ದಾರಾ? ಸೋತೆ ಎಂದು ಕೈ ತಟ್ಟಿ ಟ್ಯಾಪ್ ಮಾಡಿದ ತಕ್ಷಣ ಕೈ ಬಿಡುತ್ತಾರಾ? ಒಂದು ಹೆಸರಾಂತ ಜಾಗದಲ್ಲಿ ಟ್ಯಾಪ್ ಆದ ಮೇಲೂ ಒಂದು ಕ್ಷಣ ಎಳೆದೇ ಬಿಡುವ ಅಭ್ಯಾಸ ಇತ್ತು. ಅಲ್ಲಿಗೆ ಮತ್ತೆ ಹೋಗಲಿಲ್ಲ. ನನ್ನ ಮೊಣಕೈ ಹೋದರೆ ಕಾಫಿ ಕೊಯ್ಲು ನೋಡಿಕೊಳ್ಳುವವರು ಯಾರು?

ಬೆಲ್ಟುಗಳ ಹಂಚಿಕೆಯನ್ನೂ ನೋಡಿ. ಒಬ್ಬ ಕೋಚ್, ಉಳಿದವರೆಲ್ಲ ವೈಟ್ ಬೆಲ್ಟ್, ಕ್ಲಬ್ ಶುರುವಾಗಿ ಐದಾರು ವರ್ಷ ಆಗಿದೆ ಎಂದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ ಎಂದರ್ಥ. ಕೋಚ್ ಪರ್ಪಲ್ ಬೆಲ್ಟ್ ಆದರೂ ನನಗೆ ತೊಂದರೆ ಇಲ್ಲ, ಯಾರ ಕೈಯಿಂದ ಬಂತು ಎಂದು ನೇರವಾಗಿ ಹೇಳಬೇಕು ಅಷ್ಟೇ. ಐಬಿಜೆಜೆಎಫ್ (ಬ್ರೆಜಿಲಿಯನ್ ಜುಜಿತ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಲ್ಲಿ ದೊಡ್ಡವರು ಸಾಮಾನ್ಯವಾಗಿ ಬ್ಲೂನಲ್ಲಿ 2 ವರ್ಷ, ಪರ್ಪಲ್‌ನಲ್ಲಿ ಒಂದೂವರೆ, ಬ್ರೌನ್‌ನಲ್ಲಿ 1 ವರ್ಷ ಇರಲೇಬೇಕು. ಕೂಡಿಸಿದರೆ ನಾಲ್ಕೂವರೆ. ಸೊನ್ನೆಯಿಂದ ಮೂರು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಎನ್ನುವವರ ಹತ್ತಿರ ಕೂತು ಚಹಾ ಕೂಡ ಕುಡಿಯಬೇಡಿ.

ಇನ್ನು ಮ್ಯಾಟ್. ಬ್ಯಾಚ್ ಮುಗಿದ ಮೇಲೆ ಒರೆಸುತ್ತಾರಾ ಎಂದು ನಿಂತು ನೋಡಿ. ಒಂದು ಕಡೆಯಿಂದ ನಾನು ಕುತ್ತಿಗೆಗೆ ಹುಳುಕಡ್ಡಿ ಹಿಡಿಸಿಕೊಂಡು ಬಂದೆ. ನಮ್ಮ ಜೂನ್, ಜುಲೈ ತೇವದಲ್ಲಿ ಅದು ಬೇಗ ಹೋಗುತ್ತದಾ? ಡಾಕ್ಟರ್, ಮುಲಾಮು, ಮಾತ್ರೆ ಸೇರಿ ಮೂರು ಸಾವಿರ ಹೋಯಿತು. ಒಂದೂವರೆ ತಿಂಗಳು ಮ್ಯಾಟ್ ಮುಟ್ಟಲಿಲ್ಲ.

ದೂರದ ಲೆಕ್ಕ ಸರಳ. ನಮ್ಮ ಬಸ್ಸು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ನೇರಳೆ ಮೆಟ್ರೊ ಹಿಡಿದರೆ ಇಂದಿರಾನಗರದವರೆಗೂ ಟ್ರಾಫಿಕ್ ಚಿಂತೆ ಇಲ್ಲ. ಕೋರಮಂಗಲದ ಕ್ಲಬ್ ಎಷ್ಟೇ ಚೆನ್ನಾಗಿರಲಿ, ಸಂಜೆ ಏಳರ ಕ್ಲಾಸಿಗೆ ಆಟೊದಲ್ಲಿ ತಲುಪುವಷ್ಟರಲ್ಲಿ ವಾರ್ಮ್‌ಅಪ್ ಮುಗಿದಿರುತ್ತದೆ. ಮೆಟ್ರೊದಿಂದ ಹತ್ತು ನಿಮಿಷ ನಡೆದು ಸೇರುವ ಜಾಗಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆ.

ಕೊನೆಗೆ ಕೋಚ್ ಹತ್ತಿರ ಮಾತು. ತಿಂಗಳಿಗೆ ಎರಡು ಸಲ ಬರುತ್ತೇನೆ ಎಂದಾಗ ಹೆಚ್ಚಿನವರು ಪ್ಯಾಕೇಜ್ ಪಟ್ಟಿ ಕೊಟ್ಟರು. ಒಬ್ಬರು ಮಾತ್ರ 'ಊರಲ್ಲಿ ಯಾರ ಜೊತೆ ಪ್ರಾಕ್ಟೀಸ್ ಮಾಡ್ತೀರಿ ಮೇಡಂ?' ಎಂದು ಕೇಳಿದರು. ಅವರ ಕ್ಲಬ್‌ಗೇ ಸೇರಿದೆ. ಪ್ರತಿ ಸಲ ಒಂದೇ ಪೊಸಿಷನ್ ಕೊಟ್ಟು ಕಳಿಸುತ್ತಾರೆ. ನಾನು ಊರಿಂದ ವಿಡಿಯೊ ಕಳಿಸುತ್ತೇನೆ, ಅವರು ತಿದ್ದುತ್ತಾರೆ. ಹಾಫ್ ಗಾರ್ಡ್ (ಕೆಳಗಿದ್ದು ಎದುರಾಳಿಯ ಒಂದು ಕಾಲನ್ನು ನಮ್ಮ ಕಾಲುಗಳಲ್ಲಿ ಹಿಡಿದಿಡುವುದು) ಒಂದರಲ್ಲೇ ನಾಲ್ಕೈದು ತಿಂಗಳು ಇದ್ದೆವು. ಈಗ ಆ ಪೊಸಿಷನ್‌ನಿಂದ ನನ್ನ ಸ್ವೀಪ್ (ಮೇಲಿದ್ದವರನ್ನು ಉರುಳಿಸಿ ನಾವು ಮೇಲೆ ಬರುವುದು) ತಡೆಯುವುದು ಕ್ಲಬ್‌ನ ಪರ್ಪಲ್ ಬೆಲ್ಟ್‌ಗಳಿಗೂ ಸುಲಭವಲ್ಲ. ಕೋಚ್‌ಗಳನ್ನು ಅಳೆಯಲು ನಾನೇ ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಇಲ್ಲಿ ಬರೆದರೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಬರೆಯುವುದಿಲ್ಲ.

ಊರಿನ ಮ್ಯಾಟ್ ಕಾಫಿ ಗೋಡೌನ್‌ನಲ್ಲಿದೆ. 40 ಮಿಲಿಮೀಟರ್ ದಪ್ಪದ್ದು, ಸೆಕೆಂಡ್ ಹ್ಯಾಂಡ್, ಹದಿನೆಂಟು ಸಾವಿರ ಆಯಿತು. ಮೊದಲ ಮಳೆಗೇ ಅಡಿಯಲ್ಲಿ ಬೂಸ್ಟು ಹಿಡಿಯಿತು. ಮರದ ಹಲಗೆ ಹೊಡೆದು ಒಂದು ಗೇಣು ಎತ್ತರಿಸಿದ ಮೇಲೆ ಸರಿಹೋಯಿತು. ಜೋಡಿಗೆ ಅಣ್ಣನ ಮಗ. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿ ಬಂತೆಂದರೆ ಅವನು ಕೈಗೆ ಸಿಗುವುದಿಲ್ಲ. ಆಗೆಲ್ಲ ಗೋಣಿಚೀಲದ ಬೊಂಬೆ. ಕಾಫಿ ಹೊಟ್ಟು ತುಂಬಿದರೆ ತೂಕ ಸಾಲದು, ಮರಳು ತುಂಬಿದರೆ ಕಲ್ಲಾಗುತ್ತದೆ. ಕೊನೆಗೆ ಸೊಂಟದ ಕೆಳಗೆ ಮರಳು, ಮೇಲೆ ಹೊಟ್ಟು ಮತ್ತು ಭತ್ತದ ಹುಲ್ಲು ಎಂದು ನಿಂತಿತು. ಅದರ ಕೈ ಬಾಗಿಯೇ ನಿಲ್ಲುವಂತೆ ಮಾಡಿದ್ದು ನನ್ನದೇ ಉಪಾಯ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಳೆಗಾಲದಲ್ಲಿ ಗಿ (ಜುಜಿತ್ಸು ಉಡುಪು) ಒಣಗಿಸಲು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ದೇನೆ. ತೆಳು ನೇಯ್ಗೆಯದಾದರೆ ಒಂದು ರಾತ್ರಿ ಸಾಕು, ದಪ್ಪದ್ದಕ್ಕೆ ಎರಡು ದಿನವೂ ಸಾಲದು.

ಈಗ ಹತ್ತು ಕ್ಲಾಸಿನ ಕಾರ್ಡ್ ತೆಗೆದುಕೊಳ್ಳುತ್ತೇನೆ, ಆರು ಸಾವಿರದ ಹತ್ತಿರ. ಉಳಿಯುವುದು ಕೆಂಗೇರಿಯ ಚಿಕ್ಕಮ್ಮನ ಮನೆಯಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಒಂದು ಕ್ಲಾಸಿಗೂ ಹೋಗಲಾಗುವುದಿಲ್ಲ. ಅದಕ್ಕೇ ಕಾರ್ಡ್‌ನ ಅವಧಿ ಆರು ತಿಂಗಳು ಎಂದು ಮೊದಲೇ ಮಾತಾಡಿ ರಸೀದಿಯಲ್ಲಿ ಬರೆಸಿಕೊಂಡೆ. ನೀವೂ ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ, ಕೊಟ್ಟ ಮೇಲೆ ಯಾರೂ ಬರೆದುಕೊಡುವುದಿಲ್ಲ.