32 ಗ್ಲಾಸ್ ರಸ್ನಾ, ನಮ್ಮ ವಠಾರದ ಲೆಕ್ಕದಲ್ಲಿ

ಅಂಗಡಿಯಲ್ಲಿ 32 ಗ್ಲಾಸಿನ ಪ್ಯಾಕನ್ನೇ ಕೇಳಿ ತನ್ನಿ. ಸಕ್ಕರೆ ಬೆರೆಸಿಯೇ ಬರುವ ಸ್ಯಾಷೆ ಬೇಡ, ಅದರಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ. ದೊಡ್ಡ ಪ್ಯಾಕಿನಲ್ಲಿ ಒಂದಿಷ್ಟು ಪುಡಿ, ಒಂದಿಷ್ಟು ಎಸೆನ್ಸ್. ಸಕ್ಕರೆ ನಿಮ್ಮದು, ನೀರು ನಿಮ್ಮದು, ಒದ್ದಾಟವೂ ನಿಮ್ಮದೇ.

ಕಂಪನಿಯ ಜಾಣತನ ಇದ್ದದ್ದೂ ಅಲ್ಲೇ. ಅಹಮದಾಬಾದಿನ ಅರೀಜ್ ಖಂಬಾಟಾ 1970ರ ದಶಕದಲ್ಲಿ ಶುರು ಮಾಡಿದಾಗ ಇದರ ಹೆಸರು ಜಾಫೆ. ರಸ್ನಾ ಅಂತ ಆಮೇಲೆ ಆಯಿತು. ಭಾರವಾದ ಸಕ್ಕರೆ, ನೀರು ಎರಡೂ ನಮ್ಮ ಮನೆಯಲ್ಲೇ ಇರುವಾಗ ಅವನ್ನು ಲಾರಿಯಲ್ಲಿ ಯಾಕೆ ಸಾಗಿಸಬೇಕು? 5 ರೂಪಾಯಿಗೆ 32 ಗ್ಲಾಸ್ ಅಂತ ಹೇಳೋಕೆ ಆಗಿದ್ದು ಅದಕ್ಕೇ. 1980ರ ದಶಕದಲ್ಲಿ ಟಿವಿಯಲ್ಲಿ ಪುಟ್ಟ ಹುಡುಗಿ ‘ಐ ಲವ್ ಯೂ ರಸ್ನಾ’ ಅಂದಳು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಇದ್ದದ್ದು ಒಂದೇ ಟಿವಿ, ಆದರೆ ಹನ್ನೊಂದು ಮನೆಗೂ ಕೇಳಿಸಿತು. ಅಮ್ಮ ಮಾತ್ರ ‘ಸಕ್ಕರೆ ದುಡ್ಡು ಯಾರು ಕೊಡ್ತಾರಂತೆ?’ ಅನ್ನುತ್ತಿದ್ದಳು.

1 ಕೆಜಿ ಸಕ್ಕರೆಗೆ 700 ಮಿ.ಲೀ. ನೀರು, ಇದು ನಮ್ಮ ಮನೆ ಅಳತೆ. ಆ ನೀರಲ್ಲೇ ಅರ್ಧ ಲೋಟ ತೆಗೆದಿಟ್ಟು ಪುಡಿಯನ್ನು ಗಂಟಿಲ್ಲದ ಹಾಗೆ ಕದಡಿಕೊಳ್ಳಿ. ಉಳಿದ ನೀರಿಗೆ ಸಕ್ಕರೆ ಹಾಕಿ ಬಿಸಿ ಮಾಡಿ, ಕರಗಿದ ಕೂಡಲೇ ಒಲೆ ಆರಿಸಿ. ಇದು ಜಾಮೂನಿನ ಪಾಕ ಅಲ್ಲ, ಎಳೆ ಬರಬಾರದು. ಪುಡಿ ನೀರನ್ನು ಸೋಸಿ ಬೆರೆಸಿ.

ಈಗ ಸುಮ್ನೆ ಕೂತುಕೊಳ್ಳಿ. ಎಸೆನ್ಸ್ ಮುಟ್ಟಬೇಡಿ. ಪಾತ್ರೆಗೆ ಅಂಗೈ ಒತ್ತಿ ನೋಡಿ, ಪೂರ್ತಿ ತಣ್ಣಗಾಗಿರಬೇಕು. ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಅಮ್ಮ ಮನೆಯಲ್ಲಿಲ್ಲದಾಗ, ನಾನು ಬಿಸಿ ಪಾಕಕ್ಕೇ ಸುರಿದುಬಿಟ್ಟೆ. ಆವಿ ಜೊತೆ ಕಿತ್ತಳೆ ವಾಸನೆ ಘಮ್ಮಂತ ಎದ್ದು, ಅಂಗಳದ ನಲ್ಲಿ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು. ಗ್ಲಾಸಿಗೆ ಉಳಿದದ್ದು ಬಣ್ಣ, ಸಿಹಿ, ಹುಳಿ ಅಷ್ಟೇ. ಮೂವತ್ತೆರಡು ಗ್ಲಾಸನ್ನೂ ಹಾಗೇ ಕುಡಿದು ಮುಗಿಸಬೇಕಾಯಿತು.

ಪಾಕ ಪೂರ್ತಿ ತಣ್ಣಗಾದ ಮೇಲೆ ಎಸೆನ್ಸ್ ಬೆರೆಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ.

ಒಟ್ಟು ಸುಮಾರು 1.3 ಲೀಟರ್ ಆಗುತ್ತದೆ. ಗ್ಲಾಸಿಗೆ 40 ಮಿ.ಲೀ. ಹಾಕಿದರೆ 32 ಬರುತ್ತದೆ. ಅಂದ್ರೆ ಒಂದೊಂದರಲ್ಲೂ 30 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಆರು ಟೀ ಚಮಚ. ಜಾಸ್ತಿ ಆಯ್ತು, ಅಲ್ವಾ? ನಾನೀಗ 25 ಮಿ.ಲೀ. ಹಾಕಿ ಮೇಲೆ ಸ್ವಲ್ಪ ನಿಂಬೆಹಣ್ಣು ಹಿಂಡುತ್ತೇನೆ. ನೀರು ಮಾತ್ರ ಮಡಕೆಯದ್ದೇ, ರಾಮನವಮಿ ಪಾನಕಕ್ಕೆ ಹಾಕುವ ಹಾಗೆ. ಐಸ್ ಹಾಕಿದರೆ ಕೊನೆಯ ಗುಟುಕು ಸಪ್ಪೆ.

ಅಮ್ಮನಿಗೆ ಈ ಮಿ.ಲೀ. ಲೆಕ್ಕ ಯಾವುದೂ ಇರಲಿಲ್ಲ. ನೆಂಟರು ಬಂದ ದಿನ ಅದೇ ಬಾಟಲಿಯಲ್ಲಿ 40 ಗ್ಲಾಸ್ ಬರುತ್ತಿತ್ತು.