ಕೊನ್ಸುವಾದ ತಟ್ಟೆಗೆ ನಮ್ಮ ಮನೆಯ ಬಿಸ್ಕತ್ತು

ಗೋವಾದಲ್ಲಿ ಇದು ನಿಮ್ಮ ಮೊದಲ ಡಿಸೆಂಬರ್ ಆದರೆ, ಕ್ರಿಸ್‌ಮಸ್ ಹೊತ್ತಿಗೆ ಪಕ್ಕದ ಮನೆಯಿಂದ ಬಟ್ಟೆ ಮುಚ್ಚಿದ ತಟ್ಟೆಯೊಂದು ಬರಬಹುದು. ನೆವ್ರಿ, ದೋದೋಲ್, ಕುಲ್‌ಕುಲ್ ಅಂತ ಹಬ್ಬದ ಸಿಹಿತಿಂಡಿಗಳೆಲ್ಲ ಇರುತ್ತವೆ. ಇಲ್ಲಿ ಅದಕ್ಕೆ ಕೊನ್ಸುವಾದ ಅಂತಾರೆ. ಮಂಗಳೂರಿನ ಕಡೆಯವರಿಗೆ ಕುಸ್ವಾರ್ ಅಂದರೆ ತಕ್ಷಣ ಗೊತ್ತಾಗುತ್ತದೆ. ತಟ್ಟೆ ಖಾಲಿ ವಾಪಸ್ ಕೊಡೋದು ನಮ್ಮಲ್ಲೂ ಇಲ್ಲ, ಅಲ್ವಾ? ನಾನು ಮಸಾಲೆ ಬಿಸ್ಕತ್ತು ಮಾಡಿ ಕೊಡುತ್ತೇನೆ.

ಬೆಲ್ಲಕ್ಕೆ ಮಾಪುಸಾದ ಶುಕ್ರವಾರದ ಸಂತೆಗೆ ಹೋಗಿ. ಗೋಪುರದ ಆಕಾರದ ಕಪ್ಪು ತೆಂಗಿನ ಬೆಲ್ಲ ಸಿಗುತ್ತದೆ, ತೆಂಗಿನ ನೀರಾ ಕಾಯಿಸಿ ಮಾಡಿದ್ದು. ಬಿಸ್ಕತ್ತಿಗೆ ಬಣ್ಣ, ಘಮ ಎರಡೂ ಅದರಿಂದಲೇ.

150 ಗ್ರಾಂ ಬೆಲ್ಲ, 100 ಗ್ರಾಂ ಬೆಣ್ಣೆ ಸಣ್ಣ ಉರಿಯಲ್ಲಿ ಕರಗಿಸಿ. ಪೂರ್ತಿ ಆರಿದ ಮೇಲೆ ಒಂದು ಮೊಟ್ಟೆ ಹಾಕಿ. 300 ಗ್ರಾಂ ಮೈದಾಕ್ಕೆ ಅರ್ಧ ಚಮಚ ಅಡುಗೆ ಸೋಡಾ, ಎರಡು ಚಮಚ ಒಣಶುಂಠಿ ಪುಡಿ, ಒಂದು ಚಮಚ ಚಕ್ಕೆ ಪುಡಿ, ಚಿಟಿಕೆ ಲವಂಗ, ಚಿಟಿಕೆ ಜಾಯಿಕಾಯಿ ಬೆರೆಸಿ. ಲವಂಗ ಜಾಸ್ತಿಯಾದರೆ ಬಾಯಿ ಮರಗಟ್ಟುತ್ತದೆ, ಜೋಪಾನ. ಎಲ್ಲ ಕಲಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಇಲ್ಲಿನ ಸೆಕೆಗೆ ಹಿಟ್ಟು ಬೇಗ ಸಡಿಲವಾಗುತ್ತದೆ, ಅದಕ್ಕೇ ಅರ್ಧರ್ಧವೇ ತೆಗೆದು ಲಟ್ಟಿಸಿ, ಬಿಸ್ಕತ್ತಿನ ಆಕಾರಕ್ಕೆ ಕತ್ತರಿಸಿ. ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ಗೆ 10–12 ನಿಮಿಷ ಸಾಕು. ಹೊರಗೆ ತೆಗೆದಾಗ ನಡುವೆ ಮೆತ್ತಗಿರುತ್ತದೆ. ಬೆಂದಿಲ್ಲ ಅಂತ ಮತ್ತೆ ಇಡಬೇಡಿ, ಆರುತ್ತಾ ಗಟ್ಟಿಯಾಗುತ್ತದೆ.

ಅಲಂಕಾರಕ್ಕೆ ಅವಸರ ಬೇಡ. ಮೊದಲ ವರ್ಷ ನಾನು ಬೆಚ್ಚಗಿನ ಬಿಸ್ಕತ್ತಿನ ಮೇಲೇ ಐಸಿಂಗ್ ಹಾಕಿಬಿಟ್ಟೆ. ಬಿಳಿ ಗೆರೆಗಳೆಲ್ಲ ಕರಗಿ ಟ್ರೇಗೆ ಇಳಿದವು. ಐಸಿಂಗ್ ಸಕ್ಕರೆಗೆ ಹಾಲನ್ನು ಹನಿ ಹನಿಯಾಗಿ ಬಿಟ್ಟು ಕಲಸಿ, ಒಂದೆರಡು ಹನಿ ನಿಂಬೆರಸ ಸೇರಿಸಿ. ಚಮಚದಿಂದ ಬಿಟ್ಟ ಎಳೆ ಹತ್ತು ಸೆಕೆಂಡಾದರೂ ಕರಗದೆ ನಿಲ್ಲಬೇಕು. ಪ್ಲಾಸ್ಟಿಕ್ ಕವರಿನ ಮೂಲೆಯನ್ನು ಸೂಜಿಮೊನೆಯಷ್ಟೇ ಕತ್ತರಿಸಿ ಅದರಲ್ಲಿ ತುಂಬಿ. ರಂಗೋಲಿ ಬಿಟ್ಟ ಕೈಗೆ ಇದೇನು ಕಷ್ಟವಲ್ಲ. ನಾನು ಮೊದಲು ಚುಕ್ಕಿ ಇಟ್ಟುಕೊಳ್ಳುತ್ತೇನೆ, ಆಮೇಲೆ ಸೇರಿಸುತ್ತೇನೆ. ಆರು ಚುಕ್ಕಿಗೆ ಚಂದದ ನಕ್ಷತ್ರ ಬರುತ್ತದೆ, ಇಲ್ಲಿ ಮನೆ ಮನೆಗೂ ತೂಗುಹಾಕುತ್ತಾರಲ್ಲ, ಹಾಗೆ.

ಐಸಿಂಗ್ ಒಣಗಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಕಡಲ ಗಾಳಿಗೆ ಸುಮ್ನೆ ಬಿಟ್ಟರೆ ಮರುದಿನಕ್ಕೆ ಮೆತ್ತಗಾಗುತ್ತವೆ. 24ರ ಸಂಜೆ, ಅವರು ಇಗರ್ಜಿಗೆ ಹೊರಡುವ ಮೊದಲು ಅವರದೇ ತಟ್ಟೆಯಲ್ಲಿಟ್ಟು, ಅದೇ ಬಟ್ಟೆ ಮುಚ್ಚಿ ಕೊಟ್ಟು ಬನ್ನಿ.